ಸಿಹಿನೀರಿನ ಟ್ರೌಟ್ ಮತ್ತು ಕಡಲಿನ ತಿಮಿಂಗಿಲ ಶಾರ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಬಹುಕಾಲ ವಿಜ್ಞಾನ ಪಾಠ ಮಾಡಿದ್ದೇನೆ. ನಿವೃತ್ತಿಯ ನಂತರವೂ ಮಾಟುಂಗಾ, ಡೊಂಬಿವಲಿ, ಪುಣೆ, ಮಡಗಾಂವ್‌ಗಳ ಕನ್ನಡ ಕುಟುಂಬಗಳ ಮಕ್ಕಳು ರಜೆಯಲ್ಲಿ ಒಟ್ಟು ಸೇರಿದಾಗ ಮೀನುಗಳ ಬಗ್ಗೆ ಮಾತನಾಡಲು ನನ್ನನ್ನು ಕರೆಯುತ್ತಾರೆ. ಅಂಥ ಕೂಟಗಳಲ್ಲಿ ಮಕ್ಕಳೂ ಅವರ ತಂದೆತಾಯಿಯರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಹೋಲಿಸಲು ಈ ಎರಡು ಮೀನುಗಳನ್ನೇ ಏಕೆ ಆರಿಸಿಕೊಂಡಿರಿ?

ಆರಿಸಿಕೊಂಡವರು ಮಕ್ಕಳು, ನಾನಲ್ಲ. ಒಂದು ಬೇಸಿಗೆಯಲ್ಲಿ ಒಬ್ಬ ಹುಡುಗ ಕುಲ್ಲು ಕಣಿವೆಗೆ ಹೋಗಿ ಅಲ್ಲಿನ ಮೀನು ಸಾಕಣೆ ಕೇಂದ್ರದಲ್ಲಿ ರೇನ್‌ಬೋ ಟ್ರೌಟ್ ನೋಡಿ ಬಂದಿದ್ದ. ಒಬ್ಬ ಹುಡುಗಿ ಮಾಲ್ವಣದಲ್ಲಿ ಬಲೆಗೆ ಸಿಕ್ಕಿದ್ದ ತಿಮಿಂಗಿಲ ಶಾರ್ಕನ್ನು ಬೆಸ್ತರು ಬಲೆ ಕತ್ತರಿಸಿ ಬಿಟ್ಟುಬಿಟ್ಟ ಸಂಗತಿಯನ್ನು ತನ್ನ ಮಾವನಿಂದ ಕೇಳಿ ಬಂದಿದ್ದಳು. ಅಂಗೈ ಮೇಲೆ ನಿಲ್ಲುವ ಆ ಪ್ರಾಣಿಗೂ, ದೋಣಿಗಿಂತ ಉದ್ದವಾದ ಈ ಪ್ರಾಣಿಗೂ "ಮೀನು" ಎಂಬ ಒಂದೇ ಹೆಸರು ಹೇಗೆ ಸಲ್ಲುತ್ತದೆ ಎಂದು ಇಬ್ಬರೂ ವಾದಕ್ಕಿಳಿದರು. ಆ ವಾದವನ್ನು ಬಗೆಹರಿಸಲು ಕುಳಿತಾಗ, ಮೀನು ಎಂಬ ಪದದೊಳಗೆ ಎಷ್ಟು ಬೇರೆ ಬೇರೆ ಬಾಳುಗಳು ಅಡಗಿವೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದೆಂದು ನನಗೂ ಮನವರಿಕೆಯಾಯಿತು.

ತಿಮಿಂಗಿಲ ಶಾರ್ಕ್ ಎಂದರೆ ತಿಮಿಂಗಿಲವೋ, ಶಾರ್ಕೋ?

ಶಾರ್ಕ್. ನಮ್ಮ ಕರಾವಳಿಯ ತುಳುವರು ತಾಟೆ ಎಂದೂ, ಗೋವಾದವರು ಮೋರಿ ಎಂದೂ, ಮರಾಠಿಗರು ಮುಶಿ ಎಂದೂ ಕರೆಯುವ ಬಳಗಕ್ಕೆ ಸೇರಿದ್ದು. ತಿಮಿಂಗಿಲವು ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡಿಸುವ ಸಸ್ತನಿ. ಅದರ ಬಾಲ ಮೇಲೆ ಕೆಳಗೆ ಬಡಿಯುತ್ತದೆ. ತಿಮಿಂಗಿಲ ಶಾರ್ಕ್ ಕಿವಿರಿನಿಂದ ಉಸಿರಾಡುತ್ತದೆ, ಬಾಲವನ್ನು ಎಡಬಲಕ್ಕೆ ಬೀಸುತ್ತದೆ. ಗಾತ್ರವನ್ನೂ ಸೋಸಿ ತಿನ್ನುವ ಅಭ್ಯಾಸವನ್ನೂ ನೋಡಿ ಹೆಸರಿನ ಮುಂದೆ ತಿಮಿಂಗಿಲವನ್ನು ಸೇರಿಸಿದ್ದಾರೆ, ಅಷ್ಟೇ. 1828ರಲ್ಲಿ ದಕ್ಷಿಣ ಆಫ್ರಿಕದ ಟೇಬಲ್ ಕೊಲ್ಲಿಯಲ್ಲಿ ಸಿಕ್ಕಿದ ಒಂದು ಮೀನನ್ನು ಕಂಡು ಆಂಡ್ರ್ಯೂ ಸ್ಮಿತ್ ಎಂಬ ವೈದ್ಯ ಇದನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದ. ಇದರ ಶಾಸ್ತ್ರೀಯ ಹೆಸರು ರಿಂಕೊಡಾನ್ ಟೈಪಸ್. ರೇನ್‌ಬೋ ಟ್ರೌಟ್‌ನದು ಆಂಕೊರಿಂಕಸ್ ಮೈಕಿಸ್.

ಎರಡೂ ಮೀನೇ ಆದರೆ, ಎಷ್ಟು ಹತ್ತಿರದ ಬಂಧುಗಳು?

ಬಹಳ ದೂರದವು, ಈ ಉತ್ತರ ಕೇಳಿದಾಗ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಬೆರಗಾಗುತ್ತಾರೆ. ಟ್ರೌಟ್ ಮೂಳೆಯ ಮೀನು, ಶಾರ್ಕ್ ಮೃದ್ವಸ್ಥಿಯ ಮೀನು, ಅಂದರೆ ಅದರ ಅಸ್ಥಿಪಂಜರ ನಮ್ಮ ಮೂಗಿನ ತುದಿಯಲ್ಲಿರುವಂಥ ಬಾಗುವ ಮೆತ್ತನೆಯ ಎಲುಬಿನದು. ಇವೆರಡರ ವಂಶಗಳು 40 ಕೋಟಿ ವರ್ಷಗಳಿಗೂ ಹಿಂದೆಯೇ ಕವಲೊಡೆದವು. ಕಪ್ಪೆ, ಹಾವು, ಹಕ್ಕಿ, ಹಸು, ಮನುಷ್ಯ ಎಲ್ಲರೂ ಹುಟ್ಟಿಬಂದದ್ದು ಮೂಳೆಯ ಮೀನಿನ ಕವಲಿನಿಂದ. ಆದ್ದರಿಂದ ವಂಶವೃಕ್ಷದ ಲೆಕ್ಕದಲ್ಲಿ ಟ್ರೌಟ್‌ಗೆ ಶಾರ್ಕಿಗಿಂತ ನಾವೇ ಹತ್ತಿರದ ನೆಂಟರು. ಮೀನುಮಾರುಕಟ್ಟೆಯಲ್ಲಿ ಒಂದೇ ಬುಟ್ಟಿಯಲ್ಲಿ ಬಂಗುಡೆಯೂ ಮುಶಿಯೂ ಬಿದ್ದಿರುವುದನ್ನು ನೋಡಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ನೀರಿನಲ್ಲಿ ಈಜಿ ಬಾಳುವ ಒಂದೇ ಕೆಲಸಕ್ಕಾಗಿ ಎರಡೂ ಒಂದೇ ಬಗೆಯ ಮೈಯಾಕಾರವನ್ನು ಹೊಂದಿರುವುದರಿಂದ ನಮ್ಮ ಕಣ್ಣು ಅವುಗಳನ್ನು ಒಂದಾಗಿಸಿ ನೋಡುತ್ತದೆ.

ಗಾತ್ರದಲ್ಲಿ ಎಷ್ಟು ವ್ಯತ್ಯಾಸ?

ಸಾಕಣೆ ಕೇಂದ್ರದಿಂದ ತಟ್ಟೆಗೆ ಬರುವ ಟ್ರೌಟ್ ಸಾಮಾನ್ಯವಾಗಿ ಕಾಲು ಕಿಲೋದಿಂದ ಅರ್ಧ ಕಿಲೋ ತೂಗುತ್ತದೆ. ಗಾಳಕ್ಕೆ ಸಿಕ್ಕಿದ ಅತಿ ದೊಡ್ಡ ರೇನ್‌ಬೋ ಟ್ರೌಟ್ 2009ರಲ್ಲಿ ಕೆನಡಾದ ಡೀಫನ್‌ಬೇಕರ್ ಸರೋವರದ್ದು. ಅದರ ತೂಕ ಸುಮಾರು 21.8 ಕಿಲೋ. ತಿಮಿಂಗಿಲ ಶಾರ್ಕ್ ಈಗ ಬದುಕಿರುವ ಮೀನುಗಳಲ್ಲೆಲ್ಲ ದೊಡ್ಡದು. 12 ಮೀಟರ್ ಉದ್ದದ್ದು ಹತ್ತು ಟನ್ನಿಗೂ ಹೆಚ್ಚು ತೂಗುತ್ತದೆ. ದಾಖಲೆಗಳಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಗರಿಷ್ಠ ಉದ್ದ 18.8 ಮೀಟರ್, ಅದೂ ನಮ್ಮ ಅರಬ್ಬೀ ಸಮುದ್ರದ್ದೇ. ಮುಂಬಯಿ ಲೋಕಲ್ ರೈಲಿನ ಒಂದು ಡಬ್ಬಿ ಸುಮಾರು 20 ಮೀಟರ್ ಉದ್ದವಿರುತ್ತದೆ ಎಂದರೆ ಇಲ್ಲಿನ ಮಕ್ಕಳಿಗೆ ಬೇರೆ ಅಳತೆಗೋಲು ಬೇಕಾಗುವುದಿಲ್ಲ.

ಮೈಯ ಒಳಗೆ ಹೊರಗೆ ಮುಖ್ಯ ಭೇದಗಳಾವುವು?

ಟ್ರೌಟ್‌ನ ಮೈಮೇಲೆ ಸಣ್ಣ, ತೆಳುವಾದ, ನುಣುಪಾದ ಹುರುಪೆಗಳು ಒಂದರ ಮೇಲೊಂದು ಹೆಂಚಿನಂತೆ ಹೊದೆದಿರುತ್ತವೆ. ಶಾರ್ಕಿನ ಚರ್ಮದಲ್ಲಿ ಹುರುಪೆಯ ಬದಲು ಹಲ್ಲಿನ ರಚನೆಯನ್ನೇ ಹೋಲುವ ಸೂಕ್ಷ್ಮ ಮುಳ್ಳುಗಳಿವೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನಯವಾಗಿಯೂ ಹಿಂದುಮುಂದಾಗಿ ಸವರಿದರೆ ಮರಳುಕಾಗದದಂತೆಯೂ ಇರುತ್ತದೆ. ಸಸೂನ್ ಡಾಕ್‌ನಲ್ಲಿ ಮೀನು ಬೇರ್ಪಡಿಸುವ ಹೆಂಗಸರು ಮುಶಿಯನ್ನು ಯಾವ ಕಡೆಯಿಂದ ಹಿಡಿಯುತ್ತಾರೆಂದು ಗಮನಿಸಿದರೆ ಇದು ತಾನಾಗಿ ತಿಳಿಯುತ್ತದೆ. ಟ್ರೌಟ್‌ನ ಕಿವಿರನ್ನು ಎಲುಬಿನ ಮುಚ್ಚಳವೊಂದು ಕಾಯುತ್ತದೆ. ತಿಮಿಂಗಿಲ ಶಾರ್ಕಿಗೆ ಪ್ರತಿ ಬದಿಯಲ್ಲಿ ಐದು ತೆರೆದ ಸೀಳುಗಳಿವೆ. ನೀರಿನ ಅಲುಗಾಟವನ್ನು ಗ್ರಹಿಸುವ ಪಕ್ಕದ ರೇಖೆ ಎರಡಕ್ಕೂ ಇದೆ. ಶಾರ್ಕಿನ ಮೂತಿಯ ಸುತ್ತ ಲೋಳೆ ತುಂಬಿದ ಸೂಕ್ಷ್ಮ ರಂಧ್ರಗಳೂ ಇದ್ದು, ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಕ್ಷೀಣವಾದ ವಿದ್ಯುತ್ತನ್ನು ಅವು ಹಿಡಿಯುತ್ತವೆ. 1678ರಲ್ಲಿ ಇಟಲಿಯ ಸ್ಟೆಫಾನೊ ಲೊರೆಂಜಿನಿ ಅವುಗಳನ್ನು ವಿವರಿಸಿದ್ದರಿಂದ ಅವಕ್ಕೆ ಇಂದಿಗೂ ಅವನದೇ ಹೆಸರು. ಟ್ರೌಟ್‌ಗೆ ಈ ಇಂದ್ರಿಯವಿಲ್ಲ.

ನೀರಿನಲ್ಲಿ ಮುಳುಗದೆ ಇರುವುದು ಹೇಗೆ?

ಟ್ರೌಟ್‌ನ ಹೊಟ್ಟೆಯಲ್ಲಿ ಗಾಳಿಚೀಲವಿದೆ. ಘೋಳ್ ಮೀನಿನ ಹೊಟ್ಟೆಯಿಂದ ತೆಗೆದು ಒಣಗಿಸಿ ಮುಂಬಯಿಯಲ್ಲಿ ದುಬಾರಿ ಬೆಲೆಗೆ ಮಾರುತ್ತಾರಲ್ಲ, ಅದೇ ಅಂಗ. ಟ್ರೌಟ್ ನೀರಿನ ಮೇಲೆ ಬಂದು ಗಾಳಿ ನುಂಗಿ ಇದನ್ನು ತುಂಬಿಕೊಳ್ಳುತ್ತದೆ. ಶಾರ್ಕಿಗೆ ಗಾಳಿಚೀಲವೇ ಇಲ್ಲ. ಎಣ್ಣೆ ತುಂಬಿದ ಅಗಾಧವಾದ ಯಕೃತ್ತು ಅದನ್ನು ಹಗುರಗೊಳಿಸುತ್ತದೆ. ಇದೇ ಎಣ್ಣೆ ಅದಕ್ಕೆ ಮುಳುವಾಯಿತು. ಆ ವಿಷಯ ಮುಂದೆ ಬರುತ್ತದೆ.

ಸಿಹಿನೀರಿನ ಮೀನು ಕಡಲಿನಲ್ಲಿ, ಕಡಲಿನ ಮೀನು ಸಿಹಿನೀರಿನಲ್ಲಿ ಏಕೆ ಬದುಕುವುದಿಲ್ಲ?

ಈ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಊದಿಕೊಳ್ಳುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ತೆಳುವಾದ ಪೊರೆಯ ಎರಡು ಬದಿಗಳಲ್ಲಿ ಲವಣದ ಪ್ರಮಾಣ ಬೇರೆಯಾದಾಗ ನೀರು ಲವಣ ಹೆಚ್ಚಿರುವ ಕಡೆಗೆ ಹರಿಯುತ್ತದೆ. ಮೀನಿನ ಕಿವಿರೂ ಅಂಥದೊಂದು ತೆಳುವಾದ ಪೊರೆಯೇ.

ಟ್ರೌಟ್‌ನ ರಕ್ತ ಹೊಳೆಯ ನೀರಿಗಿಂತ ಬಹಳ ಉಪ್ಪು. ಆದ್ದರಿಂದ ಹಗಲೂ ರಾತ್ರಿ ನೀರು ಅದರ ಮೈಯೊಳಗೆ ನುಗ್ಗುತ್ತಲೇ ಇರುತ್ತದೆ, ಲವಣ ಹೊರಗೆ ಸೋರುತ್ತಲೇ ಇರುತ್ತದೆ. ಅದು ನೀರನ್ನು ಬಹುಮಟ್ಟಿಗೆ ಕುಡಿಯುವುದೇ ಇಲ್ಲ. ಹೆಚ್ಚಾದ ನೀರನ್ನು ಅತಿ ತೆಳುವಾದ ಮೂತ್ರವಾಗಿ ಹೊರಹಾಕುತ್ತ, ಹೊಳೆನೀರಿನಲ್ಲಿರುವ ಅಲ್ಪಸ್ವಲ್ಪ ಲವಣವನ್ನು ಕಿವಿರಿನ ವಿಶೇಷ ಜೀವಕೋಶಗಳಿಂದ ಹೆಕ್ಕಿ ಒಳಗೆಳೆದುಕೊಳ್ಳುತ್ತದೆ.

ಕಡಲಿನಲ್ಲಿರುವ ಬಂಗುಡೆಯಂಥ ಮೂಳೆಯ ಮೀನಿನದು ಇದಕ್ಕೆ ತದ್ವಿರುದ್ಧವಾದ ಪಾಡು. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದರಿಂದ ಅದರ ಮೈಯ ನೀರು ಹೊರಗೆ ಹೋಗುತ್ತಿರುತ್ತದೆ. ಅದು ಸಮುದ್ರದ ನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಹೊರತಳ್ಳಬೇಕು. ಶಾರ್ಕ್ ಮೂರನೆಯ ದಾರಿ ಹಿಡಿದಿದೆ. ನಾವು ಮೂತ್ರದಲ್ಲಿ ಹೊರಹಾಕುವ ಯೂರಿಯಾವನ್ನು ಅದು ರಕ್ತದಲ್ಲೇ ಉಳಿಸಿಕೊಳ್ಳುತ್ತದೆ, ಅದೂ ನಮ್ಮ ರಕ್ತದಲ್ಲಿರುವುದರ ಹತ್ತಾರು ಪಟ್ಟು. ಹಾಗೆ ಅದರ ರಕ್ತದ ಒಟ್ಟು ಸಾಂದ್ರತೆ ಸಮುದ್ರಕ್ಕೆ ಸಮನಾಗಿ, ಅಥವಾ ತುಸು ಹೆಚ್ಚಾಗಿ ನಿಲ್ಲುತ್ತದೆ. ನೀರು ಕಳೆದುಹೋಗುವ ಭಯವೇ ಇರುವುದಿಲ್ಲ. ಅಷ್ಟು ಯೂರಿಯಾ ಪ್ರೋಟೀನುಗಳನ್ನು ಕೆಡಿಸಬೇಕಿತ್ತು. ಅದನ್ನು ತಡೆಯಲು ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ಇನ್ನೊಂದು ವಸ್ತುವನ್ನೂ ಅದು ಜೊತೆಗೇ ಇಟ್ಟುಕೊಂಡಿದೆ. ಒಳಸೇರಿದ ಹೆಚ್ಚಿನ ಉಪ್ಪನ್ನು ಕರುಳಿನ ತುದಿಯ ಒಂದು ಗ್ರಂಥಿ ಹೊರಹಾಕುತ್ತದೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಹೊಸದಾಗಿ ಸಂತೋಷವಾಗುತ್ತಿತ್ತು.

ಈ ನಿಯಮಕ್ಕೆ ಅಪವಾದಗಳಿಲ್ಲವೇ?

ಇವೆ, ಎರಡೂ ಕಡೆ ಇವೆ. ರೇನ್‌ಬೋ ಟ್ರೌಟ್‌ನಲ್ಲೇ ಸ್ಟೀಲ್‌ಹೆಡ್ ಎಂಬ ಬಗೆಯವು ಹೊಳೆಯಲ್ಲಿ ಹುಟ್ಟಿ, ಕಿವಿರಿನ ಜೀವಕೋಶಗಳ ಕೆಲಸವನ್ನೇ ತಿರುಗುಮುರುಗಾಗಿಸಿಕೊಂಡು ಶಾಂತ ಸಾಗರಕ್ಕಿಳಿದು, ಅಲ್ಲಿ ಕೆಲವು ವರ್ಷ ಕೊಬ್ಬಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೆ ಮರಳುತ್ತವೆ. ಶಾರ್ಕುಗಳಲ್ಲಿ ಬುಲ್ ಶಾರ್ಕ್ ರಕ್ತದ ಯೂರಿಯಾವನ್ನು ಇಳಿಸಿಕೊಂಡು ನದಿಗಳಲ್ಲಿ ಬಹುದೂರ ಒಳಗೆ ಬರಬಲ್ಲದು. ಆದರೆ ತಿಮಿಂಗಿಲ ಶಾರ್ಕಿಗೆ ಆ ಸಾಮರ್ಥ್ಯವಿಲ್ಲ, ಅದು ಕಡಲಿನದೇ.

ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟು ತೋರಿಸಬಹುದೇ?

ಸಾಧ್ಯವಿಲ್ಲ. ಲವಣದ ತೊಡಕನ್ನು ಬದಿಗಿಟ್ಟರೂ, ಒಂದಕ್ಕೆ ಹಿಮದ ನೀರಿನ ತಂಪು ಬೇಕು, ಇನ್ನೊಂದು ಬೆಚ್ಚನೆಯ ಕಡಲಿನದು. ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತೆರೆದ ತಾರಾಪೊರೆವಾಲಾ ಮತ್ಸ್ಯಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಈ ಪ್ರಶ್ನೆ ಬರುತ್ತಿತ್ತು. ಸಿಹಿನೀರಿನ ತೊಟ್ಟಿಗಳೂ ಉಪ್ಪುನೀರಿನ ತೊಟ್ಟಿಗಳೂ ಅಲ್ಲಿ ಬೇರೆ ಬೇರೆಯಾಗಿ ಇದ್ದುದಕ್ಕೆ ಕಾರಣವೇ ಇದು.

ಶಾರ್ಕ್ ಮೀನು ಬೇರೆ ಮೀನಿಗಿಂತ ಬೇಗ ನಾರುವುದೇಕೆ?

ಮೇಲೆ ಹೇಳಿದ ಯೂರಿಯಾವೇ ಕಾರಣ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಹಾಗಾಗಿ ಆ ಘಾಟು. ಅಮೋನಿಯಾ ಕ್ಷಾರ, ಹುಳಿ ಅದನ್ನು ತಣಿಸುತ್ತದೆ. ಗೋವಾದಲ್ಲಿ ಮೋರಿಯ ಹುಳಿಖಾರದ ಸಾರಾದ ಅಂಬಟ್‌ತಿಕ್‌ಗೆ ಹುಣಸೆಯನ್ನೋ ಕೋಕಮ್ಮನ್ನೋ ಧಾರಾಳವಾಗಿ ಹಾಕುವುದಕ್ಕೆ ರುಚಿಯಷ್ಟೇ ಕಾರಣವಲ್ಲವೆಂದು ನಾನು ನಂಬಿದ್ದೇನೆ. ರಸಾಯನಶಾಸ್ತ್ರವನ್ನು ಓದದ ಅಜ್ಜಿಯಂದಿರು ಅದನ್ನು ಒಲೆಯ ಮುಂದೆ ಕಂಡುಕೊಂಡಿದ್ದರು. ಟ್ರೌಟ್‌ನ ಮಾಂಸದಲ್ಲಿ ಇಷ್ಟು ಯೂರಿಯಾ ಇಲ್ಲದ್ದರಿಂದ ಈ ಘಾಟೂ ಇಲ್ಲ.

ಪುಣೆಯ ಸುತ್ತ, ಲೋಣಾವಳಾದಲ್ಲೋ ಮಹಾಬಳೇಶ್ವರದಲ್ಲೋ ಟ್ರೌಟ್ ಸಾಕಬಹುದೇ?

ಹೊಲ, ತೋಟ ಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಾದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಸಹಜ ಹರಿವಿನ ನೀರನ್ನೇ ನಂಬಿ ಸಾಕಲು ಸಾಧ್ಯವಿಲ್ಲ.

ಟ್ರೌಟ್ ಚೆನ್ನಾಗಿ ಬೆಳೆಯುವುದು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. 20 ದಾಟಿದರೆ ಮೇವು ಬಿಡುತ್ತದೆ, 25ರ ಆಸುಪಾಸಿಗೆ ಬಂದರೆ ಸಾಯುತ್ತದೆ. ಬಿಸಿ ಮಾತ್ರವೇ ಕೊಲ್ಲುವುದಿಲ್ಲ. 10 ಡಿಗ್ರಿಯ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 25 ಡಿಗ್ರಿಯಲ್ಲಿ ಅದು ಸುಮಾರು 8 ಮಿಲಿಗ್ರಾಂಗೆ ಇಳಿಯುತ್ತದೆ. ಮೀನಾದರೋ ಶೀತರಕ್ತದ ಪ್ರಾಣಿ. ನೀರು ಬಿಸಿಯಾದಷ್ಟೂ ಅದರ ಮೈ ಹೆಚ್ಚು ಆಮ್ಲಜನಕ ಬೇಡುತ್ತದೆ. ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ, ಮೀನು ಉಸಿರುಗಟ್ಟುತ್ತದೆ.

ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿಯೇ 1646 ಮೀಟರ್. ಮಹಾಬಳೇಶ್ವರ ಅದಕ್ಕಿಂತ ತಗ್ಗು. ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು ಸುಮಾರು 2000 ಮೀಟರ್ ಎತ್ತರದ ತೊರೆಗಳಲ್ಲಿ. ಅಲ್ಲಿನ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ವರ್ಷವಿಡೀ ಸಣ್ಣಗೆ ಬಿಡುತ್ತವೆ. ಸಹ್ಯಾದ್ರಿಯ ಈ ಭಾಗದ ಬಸಾಲ್ಟ್ ಬಂಡೆಯ ಇಳಿಜಾರುಗಳಲ್ಲಿ ಜುಲೈನಲ್ಲಿ ಭೋರ್ಗರೆಯುವ ತೊರೆ ಏಪ್ರಿಲ್ ಹೊತ್ತಿಗೆ ಬರಿಯ ಕಲ್ಲಾಗಿರುತ್ತದೆ. ನೀರನ್ನು ಯಂತ್ರದಿಂದ ತಂಪು ಮಾಡಿ, ಶೋಧಿಸಿ, ಮರಳಿ ಬಳಸುವ ಕಟ್ಟಡದೊಳಗಿನ ಪದ್ಧತಿಯಲ್ಲಿ ಎಲ್ಲಿ ಬೇಕಾದರೂ ಸಾಕಬಹುದು. ಆದರೆ ಅದು ವಿದ್ಯುತ್ ಬಿಲ್ಲಿನ ಮೇಲೆ ನಿಂತ ಉದ್ಯಮ, ಒಂದೆರಡು ಗಂಟೆ ಪಂಪು ನಿಂತರೂ ತೊಟ್ಟಿಯೆಲ್ಲ ಸಾಯುತ್ತದೆ. ಕೈಯಲ್ಲಿರುವ ಉಳಿತಾಯವನ್ನು ಇದರಲ್ಲಿ ಹಾಕಬೇಡಿರೆಂದೇ ನಾನು ಕೇಳಿದವರಿಗೆಲ್ಲ ಹೇಳಿದ್ದೇನೆ. ನಮ್ಮ ಬೆಟ್ಟಗಳ ಸ್ವಂತ ಮೀನು ಮಹಸೀರ್. ಲೋಣಾವಳಾದ ವಾಲವಣ್ ಅಣೆಕಟ್ಟಿನ ಬಳಿ ಅದರ ಮರಿಗಳನ್ನು ಬೆಳೆಸುವ ಕೇಂದ್ರವೇ ಇದೆ; ಸಾಧ್ಯವಾದರೆ ಮಕ್ಕಳಿಗೆ ಅದನ್ನು ತೋರಿಸಿ.

ಟ್ರೌಟ್ ನಮ್ಮ ದೇಶದ್ದೇ ಅಲ್ಲವೇ?

ಅಲ್ಲ. ರೇನ್‌ಬೋ ಟ್ರೌಟ್‌ನ ತವರು ಶಾಂತ ಸಾಗರಕ್ಕೆ ಹರಿಯುವ ಉತ್ತರ ಅಮೆರಿಕದ ನದಿಗಳು ಮತ್ತು ರಷ್ಯಾದ ಕಾಮ್ಚಾಟ್ಕಾ. ಬ್ರೌನ್ ಟ್ರೌಟ್ ಯುರೋಪಿನದು. ಗಾಳ ಹಾಕುವ ಹವ್ಯಾಸವಿದ್ದ ಬ್ರಿಟಿಷರು ಇವುಗಳ ಮೊಟ್ಟೆಗಳನ್ನು ಹಡಗಿನಲ್ಲಿ ತಂಪಾಗಿರಿಸಿ ತಂದರು. ನೀಲಗಿರಿಯಲ್ಲಿ 1863ರಿಂದಲೇ ಪ್ರಯತ್ನ ನಡೆದು ಸೋತು, ಕೊನೆಗೆ 1907ರ ಹೊತ್ತಿಗೆ ಅವಲಾಂಚೆಯ ಮರಿಕೇಂದ್ರದಿಂದ ರೇನ್‌ಬೋ ಟ್ರೌಟ್ ಅಲ್ಲಿ ನೆಲೆಯೂರಿತು. ಕಾಶ್ಮೀರಕ್ಕೆ 1899ರಲ್ಲಿ ತಂದ ಬ್ರೌನ್ ಟ್ರೌಟ್ ಮೊಟ್ಟೆಗಳು ದಾರಿಯಲ್ಲೇ ಹಾಳಾದವು, 1900ರಲ್ಲಿ ಸ್ಕಾಟ್‌ಲೆಂಡಿನಿಂದ ಬಂದವು ಉಳಿದವು. ಕುಲ್ಲು ಕಣಿವೆಗೆ ಟ್ರೌಟ್ ಬಂದದ್ದು 1909ರಲ್ಲಿ.

ಹೀಗೆ ಮನುಷ್ಯನ ಕೈಯಿಂದ ಜಗತ್ತನ್ನೆಲ್ಲ ಸುತ್ತಿದ ಮೀನು ಹೋದ ಕಡೆಯಲ್ಲೆಲ್ಲ ಒಳಿತನ್ನೇ ಮಾಡಲಿಲ್ಲ. ಅಲ್ಲಿನ ಸ್ಥಳೀಯ ಮೀನು, ಕಪ್ಪೆಗಳನ್ನು ತಿಂದು ಅವುಗಳ ಜಾಗ ಹಿಡಿದದ್ದರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪರಿಣತರ ಗುಂಪು ಸಿದ್ಧಪಡಿಸಿದ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ರೇನ್‌ಬೋ ಮತ್ತು ಬ್ರೌನ್ ಟ್ರೌಟ್ ಎರಡೂ ಸೇರಿವೆ. ಅದೇ ಒಕ್ಕೂಟ 2016ರಿಂದ ತಿಮಿಂಗಿಲ ಶಾರ್ಕನ್ನು ಅಳಿವಿನಂಚಿನ ಜೀವಿಯೆಂದು ಗುರುತಿಸಿದೆ. ಸಣ್ಣದು ಎಲ್ಲೆಡೆ ಹಬ್ಬಿತು, ದೊಡ್ಡದು ಕುಗ್ಗಿತು. ಎರಡಕ್ಕೂ ಕಾರಣ ನಾವೇ. ಹೋಲಿಕೆಯ ಉಳಿದೆಲ್ಲ ಅಂಶಗಳಿಗಿಂತ ಮಕ್ಕಳು ಇದೊಂದನ್ನು ನೆನಪಿಟ್ಟುಕೊಳ್ಳಲಿ ಎಂಬುದು ನನ್ನ ಆಸೆ.

ಮಾರುಕಟ್ಟೆಯಲ್ಲಿ "ಇಂಡಿಯನ್ ಸಾಲ್ಮನ್" ಎಂದು ಮಾರುವ ರಾವಸ್, ಟ್ರೌಟ್‌ನ ಬಂಧುವೇ?

ಅಲ್ಲ. ನಿಜವಾದ ಸಾಲ್ಮನ್ ಮತ್ತು ಟ್ರೌಟ್ ಒಂದೇ ಕುಟುಂಬದವು. ರಾವಸ್ ನಮ್ಮ ಕರಾವಳಿಯ ಬೇರೆಯೇ ಕುಟುಂಬದ ಮೀನು, ಎದೆಯ ಬಳಿ ದಾರದಂಥ ಎಳೆಗಳಿರುವ ಬಳಗದ್ದು. ಹಾಗೆಯೇ ಹಿಮಾಲಯದ "ಸ್ನೋ ಟ್ರೌಟ್" ಕೂಡ ಟ್ರೌಟ್ ಅಲ್ಲ, ಅದು ರೋಹು, ಕಾಟ್ಲಾಗಳ ಕಡೆಯ ನೆಂಟ.

ಯಾವುದು ಏನು ತಿನ್ನುತ್ತದೆ?

ಟ್ರೌಟ್ ಬೇಟೆಗಾರ. ಪ್ರವಾಹಕ್ಕೆ ಎದುರಾಗಿ ಕಲ್ಲಿನ ಮರೆಯಲ್ಲಿ ನಿಂತು, ತೇಲಿಬರುವ ಹುಳುಗಳನ್ನೂ ಅವುಗಳ ಮರಿಗಳನ್ನೂ ಸಣ್ಣ ಮೀನುಗಳನ್ನೂ ಒಂದೊಂದಾಗಿ ಹಿಡಿಯುತ್ತದೆ. ಜಗತ್ತಿನ ಅತಿ ದೊಡ್ಡ ಮೀನಾದರೋ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿಗಳನ್ನೂ ಮೀನಿನ ಮೊಟ್ಟೆಗಳನ್ನೂ ಪುಟ್ಟ ಸಿಗಡಿಗಳನ್ನೂ ಸೋಸಿ ತಿನ್ನುತ್ತದೆ. ಅದಕ್ಕೆ ಹಲ್ಲಿಲ್ಲವೆಂದಲ್ಲ; ಸುಮಾರು 3000 ಪುಟಾಣಿ ಹಲ್ಲುಗಳಿವೆ, ಆದರೆ ತಿನ್ನುವುದರಲ್ಲಿ ಅವುಗಳ ಪಾತ್ರವೇನೂ ಕಾಣದು. ಸುಮಾರು 6 ಮೀಟರ್ ಉದ್ದದ ತಿಮಿಂಗಿಲ ಶಾರ್ಕ್ ಗಂಟೆಗೆ ಸುಮಾರು 600 ಘನ ಮೀಟರ್ ನೀರನ್ನು ಸೋಸುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ಹೌಸಿಂಗ್ ಸೊಸೈಟಿಗಳಿಗೆ ಬೇಸಿಗೆಯಲ್ಲಿ ಬರುವ 10,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಅದು 60 ಟ್ಯಾಂಕರಿನಷ್ಟು ನೀರು.

ತಿಮಿಂಗಿಲ ಶಾರ್ಕ್ ಮನುಷ್ಯರಿಗೆ ಅಪಾಯಕಾರಿಯೇ?

ಇಲ್ಲ. ಮನುಷ್ಯನನ್ನು ಬೇಟೆಯಾಡುವ ಸ್ವಭಾವವೇ ಅದಕ್ಕಿಲ್ಲ, ಗಂಟಲೂ ಕಿರಿದು. ತೀರಾ ಹತ್ತಿರ ಹೋದವರಿಗೆ ಅದರ ಬಾಲದ ಪೆಟ್ಟು ತಗಲಬಹುದು, ಅಷ್ಟೇ.

ಸಂತಾನದ ವಿಷಯದಲ್ಲಿ ಇವು ಹೇಗೆ ಭಿನ್ನ?

ಇದೇ ಎಲ್ಲಕ್ಕಿಂತ ದೊಡ್ಡ ಭೇದ ಎಂಬುದು ನನ್ನ ಅಭಿಪ್ರಾಯ. ಹೆಣ್ಣು ಟ್ರೌಟ್ ಸುಮಾರು ಮೂರು ವರ್ಷಕ್ಕೆ ಬಲಿಯುತ್ತದೆ. ಬಾಲದಿಂದ ಜಲ್ಲಿಕಲ್ಲು ಕೆದರಿ ಗುಳಿ ಮಾಡಿ, ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 2000 ಮೊಟ್ಟೆಗಳಂತೆ ಇಟ್ಟು, ಗಂಡು ಅದರ ಮೇಲೆ ವೀರ್ಯ ಸುರಿಸಿದ ಮೇಲೆ ಕಲ್ಲು ಮುಚ್ಚಿ ಹೊರಟುಹೋಗುತ್ತದೆ. 10 ಡಿಗ್ರಿ ನೀರಿನಲ್ಲಿ ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ. ಬಹುಪಾಲು ಮರಿಗಳು ಸಾಯುತ್ತವೆ. ಆದರೂ ಒಂದು ತೊರೆಯ ಟ್ರೌಟ್ ಬರಿದಾದರೆ ಮರಿಕೇಂದ್ರದಲ್ಲಿ ಹೆಣ್ಣಿನ ಹೊಟ್ಟೆಯನ್ನು ಮೃದುವಾಗಿ ಒತ್ತಿ ಒಣಗಿದ ಬೋಗುಣಿಗೆ ಮೊಟ್ಟೆ ಇಳಿಸಿ, ಗಂಡಿನ ವೀರ್ಯ ಬೆರೆಸಿ, ಕೆಲವೇ ವರ್ಷಗಳಲ್ಲಿ ತೊರೆಯನ್ನು ಮತ್ತೆ ತುಂಬಬಹುದು.

ತಿಮಿಂಗಿಲ ಶಾರ್ಕಿನ ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೇ ಒಡೆದು, ಸುಮಾರು ಅರ್ಧ ಮೀಟರ್ ಉದ್ದಕ್ಕೆ ಬೆಳೆದ ಮೇಲೆ ಮರಿಗಳು ಹುಟ್ಟುತ್ತವೆ. ಇದು ನಮಗೆ ತಿಳಿದದ್ದು 1995ರಲ್ಲಿ ತೈವಾನ್ ಬಳಿ ಹಿಡಿದ 10.6 ಮೀಟರ್ ಉದ್ದದ ಒಂದು ಬಸುರಿ ಮೀನಿನಿಂದ; ಅದರ ಹೊಟ್ಟೆಯಲ್ಲಿ ಬೇರೆ ಬೇರೆ ಹಂತಗಳಲ್ಲಿದ್ದ ಸುಮಾರು 300 ಮರಿಗಳಿದ್ದವು. ಶಾರ್ಕುಗಳಲ್ಲಿ ಇದು ದೊಡ್ಡ ಸಂಖ್ಯೆಯೇ. ಆದರೆ ಆ ಮರಿ ಮತ್ತೆ ಮರಿ ಹಾಕಲು ದಶಕಗಳೇ ಬೇಕು. ಯಾವ ಮರಿಕೇಂದ್ರವೂ ಈ ಕೊರತೆಯನ್ನು ತುಂಬಲಾರದು. ಕಡಲಿನಿಂದ ಒಂದು ದೊಡ್ಡ ಹೆಣ್ಣು ಹೋಯಿತೆಂದರೆ ಹೋದಂತೆಯೇ.

ಎಷ್ಟು ವರ್ಷ ಬದುಕುತ್ತವೆ? ವಯಸ್ಸು ಹೇಗೆ ತಿಳಿಯುತ್ತದೆ?

ಟ್ರೌಟ್ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ, ಅಪರೂಪಕ್ಕೆ ಹತ್ತು ದಾಟುತ್ತದೆ. ಅದರ ಹುರುಪೆಯಲ್ಲೂ ಕಿವಿಯ ಪುಟ್ಟ ಕಲ್ಲಿನಲ್ಲೂ ಮರದ ಉಂಗುರಗಳಂಥ ಗೆರೆಗಳಿರುತ್ತವೆ. ತಿಮಿಂಗಿಲ ಶಾರ್ಕಿನ ಬೆನ್ನೆಲುಬಿನ ಮಣಿಗಳಲ್ಲೂ ಅಂಥ ಪಟ್ಟಿಗಳಿವೆ, ಆದರೆ ಒಂದು ಪಟ್ಟಿ ಒಂದು ವರ್ಷಕ್ಕೋ ಅರ್ಧ ವರ್ಷಕ್ಕೋ ಎಂಬ ಸಂದೇಹವಿತ್ತು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಕಡಲಿಗೆ ಸೇರಿದ ವಿಕಿರಣಶೀಲ ಇಂಗಾಲದ ಗುರುತನ್ನು ಈ ಪಟ್ಟಿಗಳಲ್ಲಿ ಅಳೆದು, ವರ್ಷಕ್ಕೊಂದೇ ಪಟ್ಟಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಾಕಿಸ್ತಾನದ ತೀರದಲ್ಲಿ ಸಿಕ್ಕಿದ್ದ 10 ಮೀಟರ್ ಉದ್ದದ ಒಂದು ಮೀನಿಗೆ ಸುಮಾರು 50 ವರ್ಷ ವಯಸ್ಸಾಗಿತ್ತು. ನಮ್ಮದೇ ಅರಬ್ಬೀ ಸಮುದ್ರದ ಜೀವ ಅದು.

ಬಾಣಂತಿಗೆ ತಾಟೆ ಮೀನು ಒಳ್ಳೆಯದೆಂದು ಊರಿನ ಹಿರಿಯರು ಹೇಳುತ್ತಾರೆ. ಟ್ರೌಟ್ ಕೊಡುವುದೋ, ತಾಟೆ ಕೊಡುವುದೋ?

ಹಿರಿಯರ ಮಾತನ್ನು ನಾನು ಗೌರವಿಸುತ್ತೇನೆ. ಎದೆಹಾಲು ಹೆಚ್ಚಲೆಂದು ಸಣ್ಣ ತಾಟೆಯ ಸಾರು ಕೊಡುವುದು ಕರಾವಳಿಯ ಹಳೆಯ ರೂಢಿ. ಆದರೆ ಶಾರ್ಕುಗಳು ಬಹುಕಾಲ ಬದುಕಿ ಬೇರೆ ಮೀನುಗಳನ್ನು ತಿನ್ನುವುದರಿಂದ ಅವುಗಳ ಮಾಂಸದಲ್ಲಿ ಪಾದರಸ ಸೇರುತ್ತ ಹೋಗುತ್ತದೆ, ಅದು ಮಗುವಿನ ಮೆದುಳಿನ ಬೆಳವಣಿಗೆಗೆ ಮಾರಕ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಸುರಿಯರೂ ಎದೆಹಾಲುಣಿಸುವ ತಾಯಂದಿರೂ ಶಾರ್ಕನ್ನು ತಿನ್ನಲೇಬಾರದೆಂದು ಹೇಳುತ್ತದೆ. ಸಿಹಿನೀರಿನ ಟ್ರೌಟನ್ನು ಉತ್ತಮ ಆಯ್ಕೆಗಳ ಪಟ್ಟಿಯಲ್ಲಿ ಇಟ್ಟಿದೆ. ಅಷ್ಟು ದೂರದಿಂದ ಮಂಜುಗಡ್ಡೆಯಲ್ಲಿ ಬರುವ ಟ್ರೌಟನ್ನೇ ಕೊಳ್ಳಬೇಕೆಂದೂ ಇಲ್ಲ. ನಮ್ಮ ಬಂಗುಡೆ, ಭೂತಾಯಿಗಳಲ್ಲಿ ಅದೇ ಒಮೆಗಾ-3 ಕೊಬ್ಬು ಬೇಕಾದಷ್ಟಿದೆ, ಪಾದರಸ ಕಡಿಮೆ.

ತಿಮಿಂಗಿಲ ಶಾರ್ಕನ್ನು ಏಕೆ ಕೊಲ್ಲುತ್ತಿದ್ದರು? ಈಗ ಕಾನೂನು ಏನು?

1990ರ ದಶಕದಲ್ಲಿ ಸೌರಾಷ್ಟ್ರದ ತೀರದಲ್ಲಿ ನೂರಾರು ತಿಮಿಂಗಿಲ ಶಾರ್ಕುಗಳನ್ನು ಕೊಂದರು. ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಮಾಂಸ ಮತ್ತು ರೆಕ್ಕೆ ಹೊರದೇಶಗಳಿಗೆ ಹೋಗುತ್ತಿತ್ತು. 2001ರಲ್ಲಿ ಈ ಮೀನನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗಿರುವ ರಕ್ಷಣೆಯೇ ಇದಕ್ಕೂ ದೊರೆಯಿತು. ಆದರೆ ಕಾನೂನೊಂದೇ ಅದನ್ನು ಉಳಿಸಲಿಲ್ಲ. 2004ರಲ್ಲಿ ಗುಜರಾತಿನಲ್ಲಿ ಆರಂಭವಾದ ಜಾಗೃತಿ ಕಾರ್ಯದಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳಿಗೆ ಹೋಲಿಸಿದರು. ಅದಕ್ಕೆ "ವ್ಹಾಲಿ", ಅಂದರೆ ಅಕ್ಕರೆಯವಳು, ಎಂಬ ಹೆಸರಾಯಿತು. ಹಿಂದೆ ಅದನ್ನು ಹಿಡಿಯಲು ಪೀಪಾಯಿ ಕಟ್ಟುತ್ತಿದ್ದುದರಿಂದ ಅದೇ ಬೆಸ್ತರು ಅದನ್ನು "ಬ್ಯಾರಲ್" ಎಂದು ಕರೆಯುತ್ತಿದ್ದರು. ಹೆಸರು ಬದಲಾದ ಮೇಲೆ ಅವರೇ ತಮ್ಮ ಬಲೆ ಕತ್ತರಿಸಿ ನೂರಾರು ಮೀನುಗಳನ್ನು ಬಿಟ್ಟಿದ್ದಾರೆ. ಬಲೆಯೆಂದರೆ ಬಡ ಬೆಸ್ತನ ಬಂಡವಾಳ. ಅದನ್ನು ತಾನೇ ಕೊಯ್ಯುವುದು ಸಣ್ಣ ತ್ಯಾಗವಲ್ಲ.

ನಮ್ಮ ನೆಂಟರಲ್ಲಿ ಬೋಟಿನವರಿದ್ದಾರೆ. ಬಲೆಗೆ ತಿಮಿಂಗಿಲ ಶಾರ್ಕ್ ಬಿದ್ದರೆ ಏನು ಮಾಡಬೇಕು?

ತಡಮಾಡದೆ ಬಲೆ ಕತ್ತರಿಸಿ ಬಿಡಬೇಕು. ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬಾರದು. ಹಿಂದುಮುಂದಾಗಿ ಎಳೆದಾಗ ಕಿವಿರಿನಲ್ಲಿ ನೀರು ಸರಿಯಾಗಿ ಹರಿಯದೆ ಮೀನು ಉಸಿರುಗಟ್ಟುತ್ತದೆ. ದಡಕ್ಕೆ ತರಲೇಬಾರದು. ಬಿಡುವ ಮುನ್ನ ಮತ್ತು ಬಿಡುವಾಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು, ಏಕೆಂದರೆ ಮಹಾರಾಷ್ಟ್ರ ಸರಕಾರ 2018ರ ಡಿಸೆಂಬರಿನಲ್ಲಿ ತಂದ ಯೋಜನೆಯಂತೆ, ಸಂರಕ್ಷಿತ ಜೀವಿಯನ್ನು ಬಿಡಿಸಲು ಕತ್ತರಿಸಿದ ಬಲೆಗೆ 25,000 ರೂಪಾಯಿಯವರೆಗೆ ಪರಿಹಾರ ಕೊಡಲಾಗುತ್ತದೆ, ಅದಕ್ಕೆ ಚಿತ್ರವೇ ಪುರಾವೆ. ಮೀನುಗಾರಿಕೆ ಇಲಾಖೆಯಲ್ಲೋ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ವಿಭಾಗದಲ್ಲೋ ವಿಚಾರಿಸಿ ಅರ್ಜಿ ಹಾಕಬಹುದು. ಸಾಧ್ಯವಾದರೆ ಎಡಬದಿಯ ಕಿವಿರಿನ ಹಿಂದಿನ ಬಿಳಿ ಚುಕ್ಕೆಗಳು ಸ್ಪಷ್ಟವಾಗಿ ಕಾಣುವಂತೆ ಒಂದು ಚಿತ್ರ ತೆಗೆಯಲಿ. ಆ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಒಂದೊಂದು ಮೀನಿಗೂ ಬೇರೆ. ನಕ್ಷತ್ರಗಳನ್ನು ಗುರುತಿಸಲು ಖಗೋಳ ವಿಜ್ಞಾನಿಗಳು ಬಳಸುವ ಲೆಕ್ಕದ ವಿಧಾನದಿಂದಲೇ ವಿಜ್ಞಾನಿಗಳು ಅವುಗಳನ್ನು ಹೋಲಿಸುತ್ತಾರೆ, ಮಾಲ್ವಣದಲ್ಲಿ ಬಿಟ್ಟ ಮೀನು ಮುಂದೊಂದು ದಿನ ಬೇರೆ ತೀರದಲ್ಲಿ ಕಂಡರೆ ಅದೇ ಮೀನೆಂದು ಹೇಳಬಲ್ಲರು.